ಬುತ್ತಿ ಕಟ್ಟಿಕೊಟ್ಟವರು ಯಾರು?

ಟರ್ಮಿನಲ್‌ನಲ್ಲಿ ಕರ್ಲ್ (ಜಾಲತಾಣದಿಂದ ಮಾಹಿತಿ ತರುವ ಪ್ರೋಗ್ರಾಂ) ಓಡಿಸಿದರೆ ಹೊರಗಿನ ಜಾಲತಾಣ ಥಟ್ಟನೆ ಉತ್ತರ ಕೊಡುತ್ತದೆ. ಅದೇ ಯಂತ್ರದಲ್ಲಿ, ಹಲವು ಯಂತ್ರಗಳ ಮೇಲೆ ಪ್ರೋಗ್ರಾಂಗಳನ್ನು ಓಡಿಸುವ ಕುಬರ್ನೆಟಿಸ್‌ಗೆ ಒಂದು ಪಾಡ್ (ಅದು ಓಡಿಸುವ ಪುಟ್ಟ ಘಟಕ) ಎಬ್ಬಿಸಲು ಹೇಳಿದರೆ ‘ಇಮೇಜ್‌ಪುಲ್‌ಬ್ಯಾಕ್‌ಆಫ್’ ಎಂದು ತೋರಿಸಿ ಕೂತುಬಿಡುತ್ತದೆ. ಪ್ರೋಗ್ರಾಂ ಕಟ್ಟಿಟ್ಟ ಗಂಟು, ಅಂದರೆ ಇಮೇಜ್, ತರಲಾಗಲಿಲ್ಲ ಎಂದು ಅದರ ಅರ್ಥ. ಯಂತ್ರ ಒಂದೇ, ಕೇಬಲ್ ಒಂದೇ, ಪ್ರಾಕ್ಸಿಯ ವಿಳಾಸವೂ ಒಂದೇ. ಆದರೂ ಒಬ್ಬರಿಗೆ ದಾರಿ ಕಾಣುತ್ತದೆ, ಇನ್ನೊಬ್ಬರಿಗೆ ಇಲ್ಲ.

ಆಮೇಲೆ ಶುರುವಾಗುವುದನ್ನು ನೋಡಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ರೀಸ್ಟಾರ್ಟ್ ಮಾಡುತ್ತಾರೆ. ಆಗಲಿಲ್ಲ ಅಂದರೆ ಇನ್ನೊಮ್ಮೆ. ಎಲ್ಲಿಂದಲೋ ಆರು ಸಾಲು ತಂದು ಅಂಟಿಸುತ್ತಾರೆ. ಸರಿಹೋಯಿತೋ, ಆ ಆರು ಸಾಲು ಮಂತ್ರವಾಗಿಬಿಡುತ್ತದೆ. ಮುಂದಿನ ಕ್ಲಸ್ಟರ್‌ಗೂ (ಕುಬರ್ನೆಟಿಸ್ ನಡೆಸುವ ಯಂತ್ರಗಳ ಗುಂಪು) ಅದನ್ನೇ ಜಪಿಸುತ್ತಾರೆ. ನಾನಿದ್ದ ಒಂದು ಆಫೀಸಿನಲ್ಲಿ ಹೀಗೇ ಎರಡು ದಿನ ಹಾಳಾಯಿತು. ‘ಸರ್, ಪ್ರಾಕ್ಸಿ ಎಕ್ಸ್‌ಪೋರ್ಟ್ ಮಾಡಿದ್ದೀನಲ್ಲಾ!’ ಎಂದು ಹುಡುಗ ಪದೇ ಪದೇ ಹೇಳುತ್ತಿದ್ದ. ಪ್ರಾಕ್ಸಿಯ ವಿಳಾಸವನ್ನು ಪ್ರೋಗ್ರಾಂಗಳಿಗೆ ತಿಳಿಸಿದ್ದೇನೆ ಎಂದು ಅವನ ಮಾತು. ಅವನು ಮಾಡಿದ್ದು ನಿಜ. ಆದರೆ ಅದು ಯಾರಿಗೆ ತಲುಪಿತು ಅನ್ನುವುದೇ ಪ್ರಶ್ನೆ.

ಪ್ರಾಕ್ಸಿ ಎಂಬ ಪದ ನಮಗೆಲ್ಲ ಕಾಲೇಜಿನಿಂದಲೇ ಗೊತ್ತು. ಬಾರದ ಗೆಳೆಯನ ಪರವಾಗಿ ಹಾಜರಿ ಕೂಗುವುದು. ನೆಟ್‌ವರ್ಕ್‌ನಲ್ಲೂ ಅಷ್ಟೇ, ಒಳಗಿನ ಯಂತ್ರದ ಪರವಾಗಿ ಹೊರಗೆ ಹೋಗಿ ಬರುವವನು ಪ್ರಾಕ್ಸಿ. ವೆಬ್ ಇನ್ನೂ ಎಳೆಯದಾಗಿದ್ದಾಗಲೇ ಇದು ಬಂತು. 1994ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿದ್ದ ಆರಿ ಲುವೊಟೊನೆನ್ ಮತ್ತು ಜೊತೆಗಾರ ಕೆವಿನ್ ಆಲ್ಟಿಸ್ ವೆಬ್ ಪ್ರಾಕ್ಸಿಯ ಬಗ್ಗೆ ಪ್ರಬಂಧ ಬರೆದರು. ಫೈರ್‌ವಾಲ್ ಹಿಂದೆ ಕೂತವರಿಗೂ ವೆಬ್ ಸಿಗಬೇಕು ಅನ್ನುವುದು ಅವರ ಉದ್ದೇಶ. ಪ್ರಾಕ್ಸಿ ಎಲ್ಲಿದೆ ಎಂದು ಪ್ರೋಗ್ರಾಂಗಳಿಗೆ ತಿಳಿಸಲು ಆಗ ಹಿಡಿದ ಹಾದಿ ಎನ್ವಿರಾನ್‌ಮೆಂಟ್ ವೇರಿಯಬಲ್, ಅಂದರೆ ಪ್ರೋಗ್ರಾಂನ ಜೊತೆಗಿರುವ ಒಂದು ಹೆಸರಿನ ಚೀಟಿ. ‘ಎಚ್‌ಟಿಟಿಪಿ ಪ್ರಾಕ್ಸಿ’ ಎಂಬ ಹೆಸರಿನ ಚೀಟಿ ಇದ್ದರೆ ಓದಿಕೋ, ಅಲ್ಲಿ ಬರೆದ ವಿಳಾಸಕ್ಕೆ ಹೋಗು. ಅದು ಯಾವ ಮಾನಕವೂ ಆಗಲಿಲ್ಲ. ಬರೀ ರೂಢಿ. ಇವತ್ತಿನ ದೊಡ್ಡ ದೊಡ್ಡ ಕ್ಲಸ್ಟರ್‌ಗಳೂ ಆ ರೂಢಿಯ ಮೇಲೇ ನಿಂತಿವೆ.

ಆ ಚೀಟಿಯ ಕಥೆ ಇನ್ನೂ ಹಳೆಯದು, ನನಗೆ ತುಂಬಾ ಇಷ್ಟವಾದದ್ದು ಕೂಡ. 1979ರಲ್ಲಿ ಬೆಲ್ ಲ್ಯಾಬ್ಸ್‌ನಿಂದ ಯುನಿಕ್ಸ್‌ನ ಏಳನೇ ಆವೃತ್ತಿ ಹೊರಬಂತು. ಎನ್ವಿರಾನ್‌ಮೆಂಟ್ ವೇರಿಯಬಲ್ ಬಂದದ್ದು ಅದರ ಜೊತೆಗೆ. ನಿಯಮ ಸರಳ: ಒಂದು ಪ್ರೋಗ್ರಾಂ ಇನ್ನೊಂದನ್ನು ಹುಟ್ಟಿಸುವಾಗ ತನ್ನ ಹತ್ತಿರ ಇರುವ ಚೀಟಿಗಳ ನಕಲನ್ನು ಅದರ ಕೈಗೆ ಕೊಡುತ್ತದೆ. ಕೊಡುವುದು ಆ ಒಂದು ಸಲ ಮಾತ್ರ.

ಮಗಳು ಊರಿಗೆ ಹೊರಟಾಗ ಅಮ್ಮ ಬುತ್ತಿ ಕಟ್ಟುತ್ತಾಳಲ್ಲ, ಹಾಗೆ. ಬಸ್ಸು ಹೊರಟ ಮೇಲೆ ಮನೆಯಲ್ಲಿ ಹೋಳಿಗೆ ಮಾಡಿದರೂ ಅದು ಬುತ್ತಿಗೆ ಬಂದು ಬೀಳುವುದಿಲ್ಲ. ಇಡ್ಲಿ ಹಿಟ್ಟಿಗೆ ಉಪ್ಪು ಹಾಕುವುದೂ ಹಾಗೇ, ಬೆಂದ ಮೇಲೆ ಮೇಲಿಂದ ಉದುರಿಸಿದರೆ ಒಳಗೆ ಇಳಿಯುವುದಿಲ್ಲ. ಹೆಪ್ಪಿನ ಹೋಲಿಕೆ ಇನ್ನೂ ಹತ್ತಿರದ್ದು. ನೆನ್ನೆಯ ಮೊಸರಿನಿಂದ ಒಂದು ಚಮಚ ತೆಗೆದು ಹೊಸ ಹಾಲಿಗೆ ಹಾಕುತ್ತೀರಿ. ಅಲ್ಲಿಂದ ಮುಂದೆ ಎರಡೂ ಪಾತ್ರೆ ಬೇರೆ ಬೇರೆ. ಹಳೆಯದು ಹುಳಿಯಾಯಿತು ಅಂತ ಹೊಸದಕ್ಕೆ ಗೊತ್ತೇ ಆಗುವುದಿಲ್ಲ. ಎನ್ವಿರಾನ್‌ಮೆಂಟ್ ಎಂದರೆ ಹುಟ್ಟುವಾಗ ಹಾಕಿದ ಹೆಪ್ಪು.

ಈಗ ಆ ಹುಡುಗನ ಟರ್ಮಿನಲ್‌ಗೆ ಬರೋಣ. ಎಕ್ಸ್‌ಪೋರ್ಟ್ ಮಾಡಿದ್ದು ಅವನ ಶೆಲ್‌ನಲ್ಲಿ, ಅಂದರೆ ಟರ್ಮಿನಲ್‌ನಲ್ಲಿ ಆಜ್ಞೆ ಓದುವ ಪ್ರೋಗ್ರಾಂನಲ್ಲಿ. ಕರ್ಲ್ ಆ ಶೆಲ್‌ನ ಮಗು, ಅದಕ್ಕೆ ಬುತ್ತಿ ಸಿಕ್ಕಿತು. ಆದರೆ ಇಮೇಜ್ ತರುವವರು ಯಾರು? ಅವನು ಕೊಟ್ಟ ಕುಬ್‌ಕಂಟ್ರೋಲ್ ಆಜ್ಞೆ ಕ್ಲಸ್ಟರ್‌ನ ಕಚೇರಿಯಂತಿರುವ ಎಪಿಐ ಸರ್ವರ್‌ಗೆ ಬರೀ ವಿಷಯ ಮುಟ್ಟಿಸುತ್ತದೆ. ಪಾಡ್ ಯಾವ ನೋಡ್‌ನ (ಕ್ಲಸ್ಟರ್‌ನ ಒಂದು ಯಂತ್ರ) ಪಾಲಿಗೆ ಬಂತೋ ಅಲ್ಲಿನ ಮೇಲ್ವಿಚಾರಕ ಕ್ಯುಬ್‌ಲೆಟ್ ಅದನ್ನು ನೋಡಿ ಕಂಟೇನರ್‌ಡಿಗೆ ಹೇಳುತ್ತದೆ. ಕೊನೆಗೆ ಹೊರಗೆ ಹೋಗಿ ಇಮೇಜ್ ತರಬೇಕಾದದ್ದು ಈ ಕಂಟೇನರ್‌ಡಿ. ಅದರ ತಾಯಿ ಸಿಸ್ಟಮ್‌ಡಿ, ಲಿನಕ್ಸ್‌ನಲ್ಲಿ ಇಂಥ ಸೇವೆಗಳನ್ನು ಎಬ್ಬಿಸುವ ಪ್ರೋಗ್ರಾಂ. ಕಂಟೇನರ್‌ಡಿ ಯಂತ್ರ ಬೂಟ್ ಆದಾಗಲೇ ಹುಟ್ಟಿದ್ದು. ಹುಡುಗನ ಶೆಲ್‌ಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಹಾಗಾಗಿ ಚೀಟಿ ಇಡಬೇಕಾದದ್ದು ಸಿಸ್ಟಮ್‌ಡಿಯ ಕೈಯಲ್ಲಿ. ಕಂಟೇನರ್‌ಡಿ ಸರ್ವಿಸ್‌ನ ಹೆಸರಿನಲ್ಲಿ ಒಂದು ಪುಟ್ಟ ಫೈಲ್ ಬರೆದು, ಅದರಲ್ಲಿ ಪ್ರಾಕ್ಸಿಯ ಸಾಲುಗಳನ್ನು ಹಾಕಿ, ಸಿಸ್ಟಮ್‌ಡಿಗೆ ಅದನ್ನು ಮತ್ತೆ ಓದಿಸಿ, ಕಂಟೇನರ್‌ಡಿಯನ್ನು ರೀಸ್ಟಾರ್ಟ್ ಮಾಡಬೇಕು. ಇಲ್ಲಿ ರೀಸ್ಟಾರ್ಟ್ ಕೆಲಸ ಮಾಡುತ್ತದೆ. ಯಾಕೆಂದರೆ ಅದು ಮರುಹುಟ್ಟು, ಹೊಸ ಬುತ್ತಿ ಸಿಗುತ್ತದೆ. ಫೈಲ್ ಮುಟ್ಟದೆ ಸುಮ್ನೆ ಹತ್ತು ಸಲ ರೀಸ್ಟಾರ್ಟ್ ಮಾಡಿದರೆ ಅದೇ ಹಳೆಯ ಬುತ್ತಿ ಹತ್ತು ಸಲ ಸಿಗುತ್ತದೆ, ಅಷ್ಟೇ. ಅನುಮಾನ ಬಂದರೆ ಬುತ್ತಿ ಬಿಚ್ಚಿಯೇ ನೋಡಬಹುದು. ಲಿನಕ್ಸ್‌ನಲ್ಲಿ ‘ಪ್ರಾಕ್’ ಎಂಬ ಫೋಲ್ಡರ್‌ನೊಳಗೆ ಪ್ರತಿ ಪ್ರೋಗ್ರಾಂನ ಸಂಖ್ಯೆಗೆ ಒಂದು ಕೋಣೆ ಇದೆ. ಅಲ್ಲಿರುವ ‘ಎನ್ವಿರಾನ್’ ಫೈಲ್‌ನಲ್ಲಿ ಅದು ಹುಟ್ಟುವಾಗ ಏನೇನು ಸಿಕ್ಕಿತ್ತು ಎಂಬುದೆಲ್ಲ ಇರುತ್ತದೆ. ನಮ್ಮ ಆಫೀಸಿನ ಎರಡು ದಿನದ ಜಪ ನಿಂತದ್ದು ಅದನ್ನು ತೆರೆದಾಗ. ಪ್ರಾಕ್ಸಿಯ ಹೆಸರೇ ಅದರಲ್ಲಿರಲಿಲ್ಲ.

ಆಡಳಿತಗಾರನ ಅಧಿಕಾರದಲ್ಲಿ ಆಜ್ಞೆ ಓಡಿಸುವ ಸುಡೊ ಬಳಸುವವರೂ ಇಲ್ಲೇ ಎಡವುತ್ತಾರೆ. ಸಾಮಾನ್ಯವಾಗಿ ಅದು ಬುತ್ತಿಯನ್ನು ಬಾಗಿಲಲ್ಲೇ ತೆಗೆದಿಟ್ಟು ಒಳಗೆ ಬಿಡುತ್ತದೆ.

ಹೊರಗೆ ಹೋಗುವ ದಾರಿ ಆಯಿತು. ಆದರೆ ನನ್ನ ಪ್ರಕಾರ ಜಾಸ್ತಿ ತಲೆನೋವು ಒಳಗಿನ ದಾರಿಯದು. ಕ್ಯುಬ್‌ಎಡಿಎಂ ಬಳಸಿ ಕ್ಲಸ್ಟರ್ ಕಟ್ಟಿ ಏನನ್ನೂ ಬದಲಿಸದಿದ್ದರೆ ಕುಬರ್ನೆಟಿಸ್‌ನ ಸರ್ವಿಸ್‌ಗಳಿಗೆ (ಪಾಡ್‌ಗಳನ್ನು ತಲುಪಿಸುವ ಸ್ಥಿರ ವಿಳಾಸಗಳು) 10.96.0.0/12 ಎಂಬ ಕೇರಿ ಸಿಗುತ್ತದೆ. 10.96.0.0ಯಿಂದ 10.111.255.255ವರೆಗೆ, ಹತ್ತು ಲಕ್ಷಕ್ಕೂ ಹೆಚ್ಚು ವಿಳಾಸ. ಎಪಿಐ ಸರ್ವರ್ 10.96.0.1ರಲ್ಲಿ, ಹೆಸರು ಹುಡುಕಿಕೊಡುವ ಡಿಎನ್‌ಎಸ್ 10.96.0.10ರಲ್ಲಿ. ಈ ವಿಳಾಸಗಳಿಗೆ ಕ್ಲಸ್ಟರ್‌ನ ಒಳಗೆ ಮಾತ್ರ ಅರ್ಥ. ಪಾಡ್‌ಗೆ ಪ್ರಾಕ್ಸಿ ಚೀಟಿ ಕೊಟ್ಟು ಬೇರೇನೂ ಹೇಳದಿದ್ದರೆ, ಅದು 10.96.0.1ಕ್ಕೂ ಪ್ರಾಕ್ಸಿಯನ್ನೇ ಕಳಿಸುತ್ತದೆ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದವನಾದರೂ ಕೊನೆಗೆ ಮೈಲಾರ ತಲುಪುತ್ತಾನೆ. ಇದು ತಲುಪುವುದೇ ಇಲ್ಲ. ಕಂಪನಿಯ ಪ್ರಾಕ್ಸಿ ಇರುವುದು ಕ್ಲಸ್ಟರ್‌ನ ಹೊರಗೆ, ಅದಕ್ಕೆ ಆ ಕೇರಿಯೇ ಗೊತ್ತಿಲ್ಲ.

ಅದಕ್ಕೇ ‘ನೋ ಪ್ರಾಕ್ಸಿ’ ಎಂಬ ಎರಡನೇ ಚೀಟಿ. ಇಂತಿಂಥವರ ಮನೆಗೆ ನೀನೇ ನಡೆದು ಹೋಗು ಎಂಬ ಪಟ್ಟಿ. ಸರ್ವಿಸ್‌ಗಳ ಕೇರಿ, ಪಾಡ್‌ಗಳ ಕೇರಿ, ನೋಡ್‌ಗಳ ವಿಳಾಸ, ಚುಕ್ಕಿಯಿಂದ ಶುರುವಾಗುವ ‘.ಕ್ಲಸ್ಟರ್.ಲೋಕಲ್’ ಎಲ್ಲ ಅದರಲ್ಲಿರಬೇಕು. ಮಾನಕ ಇಲ್ಲದ ರೂಢಿಯ ಫಲ ಕಾಣುವುದು ಇಲ್ಲೇ. ಗೋ ಭಾಷೆಯ ಪ್ರೋಗ್ರಾಂಗಳಿಗೆ ‘10.96.0.0/12’ ಎಂದರೆ ಇಡೀ ಕೇರಿ ಎಂದು ಅರ್ಥವಾಗುತ್ತದೆ. ಕರ್ಲ್‌ಗೆ ಅದು ಅರ್ಥವಾಗತೊಡಗಿದ್ದು 2022ರ 7.86.0 ಆವೃತ್ತಿಯಿಂದ. ಅದಕ್ಕಿಂತ ಹಳೆಯ ಕರ್ಲ್ ಅದೇ ಸಾಲನ್ನು ಓದಿ, ಪ್ರಯೋಜನವಿಲ್ಲದೆ ಪ್ರಾಕ್ಸಿಗೇ ಓಡುತ್ತದೆ. ಹೆಸರಿನ ಮುಂದೆ ನಕ್ಷತ್ರ ಹಾಕಿದರೆ ಗೋ ಒಪ್ಪುತ್ತದೆ, ಕರ್ಲ್ ಒಪ್ಪುವುದಿಲ್ಲ.

ಚೀಟಿಯ ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆಯಬೇಕೋ ಸಣ್ಣಕ್ಷರದಲ್ಲೋ ಎಂಬ ಗೊಂದಲದ ಹಿಂದೆಯೂ ಒಂದು ಕಥೆ ಇದೆ. ವೆಬ್ ಸರ್ವರ್ ಬೇರೊಂದು ಪ್ರೋಗ್ರಾಂ ಓಡಿಸಿ ಉತ್ತರ ಕೊಡುವ ಸಿಜಿಐ ಎಂಬ ಹಳೆಯ ಪದ್ಧತಿಯಲ್ಲಿ, ಬಂದ ಕೋರಿಕೆಯ ಪ್ರತಿ ಹೆಡರ್‌ನ (ಜೊತೆಗೆ ಬರುವ ವಿವರದ ಸಾಲು) ಹೆಸರಿಗೂ ಮುಂದೆ ‘ಎಚ್‌ಟಿಟಿಪಿ’ ಎಂದು ದೊಡ್ಡಕ್ಷರದಲ್ಲಿ ಸೇರಿಸಿ ಎನ್ವಿರಾನ್‌ಮೆಂಟ್‌ಗೆ ಹಾಕುತ್ತಾರೆ. ಯಾರೋ ಅಪರಿಚಿತ ‘ಪ್ರಾಕ್ಸಿ’ ಎಂಬ ಹೆಡರ್ ಕಳಿಸಿದರೆ? ಅದು ನೇರ ‘ಎಚ್‌ಟಿಟಿಪಿ ಪ್ರಾಕ್ಸಿ’ ಆಗುತ್ತದೆ! ದಾರಿಯಲ್ಲಿ ಹೋಗುವವನು ನಿಮ್ಮ ಮಗಳ ಬುತ್ತಿಗೆ ಕೈ ಹಾಕಿದಂತೆ. 2016ರಲ್ಲಿ ‘ಎಚ್‌ಟಿಟಿಪಾಕ್ಸಿ’ ಎಂಬ ಹೆಸರಿನಲ್ಲಿ ಇದು ದೊಡ್ಡ ಸುದ್ದಿಯಾಯಿತು. ಈ ಅಪಾಯಕ್ಕಾಗಿಯೇ ಕರ್ಲ್ ಈ ಒಂದು ಚೀಟಿಯನ್ನು ಸಣ್ಣಕ್ಷರದಲ್ಲಿದ್ದರೆ ಮಾತ್ರ ನಂಬುತ್ತದೆ. ಎರಡೂ ಬಗೆಯಲ್ಲಿ ಬರೆದಿಡಿ ಎಂದು ಹಿರಿಯರು ಹೇಳುವುದಕ್ಕೆ ಕಾರಣ ಇದೆ, ಅಲ್ವಾ?

ಇನ್ನೊಂದು ಮಾತು. ಸಾಮಾನ್ಯವಾಗಿ ಪ್ರತಿ ನೋಡ್‌ನಲ್ಲೂ ಕುಬ್-ಪ್ರಾಕ್ಸಿ ಎಂಬುದು ಓಡುತ್ತಿರುತ್ತದೆ. ಹೆಸರು ನೋಡಿ ಅದರ ಸೆಟ್ಟಿಂಗ್ ಕೆದಕಬೇಡಿ. ಅದರ ಕೆಲಸ ಸರ್ವಿಸ್‌ನ ವಿಳಾಸವನ್ನು ಪಾಡ್‌ಗೆ ಜೋಡಿಸುವುದು, ಹೊರಗಿನ ಪ್ರಾಕ್ಸಿಗೂ ಅದಕ್ಕೂ ನಂಟಿಲ್ಲ.

ಕುಬರ್ನೆಟಿಸ್ ಮೇಲೆ ಕಟ್ಟಿದ ಓಪನ್‌ಶಿಫ್ಟ್‌ನಲ್ಲಿ ಈ ಕೆಲಸವೆಲ್ಲ ಒಂದೇ ಕಡೆ ಮುಗಿಯುತ್ತದೆ. ‘ಕ್ಲಸ್ಟರ್’ ಎಂಬ ಹೆಸರಿನ ಒಂದು ಪ್ರಾಕ್ಸಿ ವಸ್ತುವಿನಲ್ಲಿ ವಿಳಾಸ ಬರೆದರೆ ಸಾಕು, ಒಳಗಿನ ಕೇರಿಗಳನ್ನು ನೋ ಪ್ರಾಕ್ಸಿಗೆ ಅದೇ ಸೇರಿಸಿಕೊಳ್ಳುತ್ತದೆ. ನಿಮ್ಮ ಸ್ವಂತ ಪಾಡ್‌ಗಳಿಗೆ ಮಾತ್ರ ಚೀಟಿಯನ್ನು ನೀವೇ ಬರೆದುಕೊಡಬೇಕು. ಆ ಒಂದು ಸಾಲು ಬದಲಿಸಿದ ಮೇಲೆ ನೋಡ್‌ಗಳು ಸರದಿಯಲ್ಲಿ ರೀಬೂಟ್ ಆಗುತ್ತಾ ಹೋಗುತ್ತವೆ. ಒಂದು ವಿಳಾಸಕ್ಕೆ ಇಷ್ಟೊಂದು ಗಲಾಟೆ ಯಾಕೆ ಎಂದು ಜನ ಸಿಟ್ಟಾಗುತ್ತಾರೆ. ಅಲ್ಲಿ ನಡೆಯುತ್ತಿರುವುದು ಇಷ್ಟೇ: ಹೊಸ ಬುತ್ತಿ ಸಿಗಬೇಕಾದವರೆಲ್ಲ ಮತ್ತೆ ಹುಟ್ಟುತ್ತಿದ್ದಾರೆ.