ಟ್ಯೂಬಲ್ಲಿ ಎಣ್ಣೆ ಸಮ ಇಲ್ಲ, ಮಗಳ ಮನೆಯ ರೇಡಾನ್ ಫ್ಯಾನ್ ಹಾಳಾಯ್ತಾ?

ಪ್ರಶ್ನೆ: ಮಗಳು ಅಮೆರಿಕದಲ್ಲಿ ಮನೆ ತಗೊಂಡಿದ್ದಾಳೆ. ಬೇಸ್‌ಮೆಂಟಲ್ಲಿ ರೇಡಾನ್ ಪೈಪ್ ಉಂಟು, ನೆಲದಡಿಯಿಂದ ಬರುವ ರೇಡಾನ್ ಅನ್ನುವ ವಿಕಿರಣದ ಗ್ಯಾಸನ್ನು ಫ್ಯಾನಲ್ಲಿ ಎಳೆದು ಹೊರಗೆ ಬಿಡ್ಲಿಕ್ಕೆ. ಅದಕ್ಕೆ ಅಂಟಿಸಿದ ಯು ಆಕಾರದ ಟ್ಯೂಬಲ್ಲಿ ಬಣ್ಣದ ಎಣ್ಣೆ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಸಿಸ್ಟಮ್ ಹಾಳಾಗಿದೆಯಾ?

ಇಲ್ಲ ಮಾರ್ರೆ, ಸರಿಯೇ ಉಂಟು. ಇದು ಎಷ್ಟನೇ ಸಲ ಅಂತ ಲೆಕ್ಕ ಇಡುದು ಬಿಟ್ಟಿದ್ದೇನೆ. ಬಾಣಂತನಕ್ಕೆ ಅಂತ ಉಡುಪಿಯಿಂದ ಹೋದ ಅಪ್ಪಂದಿರು ಮೂರನೇ ವಾರಕ್ಕೆ ಬೇಸ್‌ಮೆಂಟಿಗೆ ಇಳೀತಾರೆ, ನಾಲ್ಕನೇ ವಾರಕ್ಕೆ ನಂಗೆ ಫೋಟೋ ಬರ್ತದೆ.

ಈ ತಪ್ಪು ಎಲ್ಲಿಂದ ಬಂತು ಅಂತ ನಂಗೊತ್ತುಂಟು. ನಮ್ಮಲ್ಲಿ ಮನೆ ಕಟ್ಟುವಾಗ ಮೇಸ್ತ್ರಿ ಟ್ಯೂಬಿಗೆ ನೀರು ತುಂಬಿಸಿ ಎರಡು ಮೂಲೆಯಲ್ಲಿ ಹಿಡಿದು ಮಟ್ಟ ನೋಡ್ತಾರಲ್ಲ, ಎರಡೂ ಕಡೆ ನೀರು ಸಮ ಬಂದ್ರೆ ಕೆಲಸ ಸರಿ, ಅದೇ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಆದ್ರೆ ಮೇಸ್ತ್ರಿಯ ಟ್ಯೂಬಿನ ಎರಡೂ ತುದಿ ಒಂದೇ ಗಾಳಿಗೆ ತೆರೆದಿರ್ತದೆ. ಇಲ್ಲಿ ಒಂದು ತುದಿ ಕೋಣೆಯ ಗಾಳಿಗೆ, ಇನ್ನೊಂದು ಪೈಪಿನ ಒಳಗೆ. ಫ್ಯಾನ್ ನೆಲದಡಿಯ ಗಾಳಿಯನ್ನು ಎಳೀತಾ ಇದ್ರೆ ಪೈಪಿನೊಳಗೆ ಒತ್ತಡ ಕಡಿಮೆ, ಹಾಗಾಗಿ ಆ ಕಡೆಯ ಎಣ್ಣೆ ಮೇಲೇರ್ತದೆ, ಬೊಂಡಕ್ಕೆ ಸ್ಟ್ರಾ ಹಾಕಿ ಎಳೆದ ಹಾಗೆ. ಎಳೆಯುದು ನಿಲ್ಲಿಸಿದ್ರೆ? ಇಳಿದು ಸಮ ಆಗ್ತದೆ. ಅಂದ್ರೆ ಸಮ ಆದ್ರೇ ಮಂಡೆಬಿಸಿ ಮಾಡ್ಬೇಕಾದ್ದು! ಫ್ಯಾನ್ ನಿಂತಿದೆ, ಇಲ್ಲಾ ಆ ಸಣ್ಣ ರಬ್ಬರ್ ಟ್ಯೂಬ್ ಕಳಚಿದೆ. ಒಬ್ರು "ಈಗ ಎಣ್ಣೆ ಸಮ ಬಂತು, ರಿಪೇರಿ ಆಯ್ತು" ಅಂತ ಖುಷಿಯಲ್ಲಿ ಫೋಟೋ ಕಳಿಸಿದ್ರು, ವಿಚಾರಿಸಿದ್ರೆ ಕರೆಂಟ್ ಉಳಿಸ್ಲಿಕ್ಕೆ ಪ್ಲಗ್ಗೇ ತೆಗೆದಿದ್ದಾರೆ. ಆ ಫ್ಯಾನ್ ಇಪ್ಪತ್ನಾಲ್ಕು ಗಂಟೆ ಓಡ್ಲೇಬೇಕು, ಮಾರ್ರೆ.

ವ್ಯತ್ಯಾಸ ಎಷ್ಟಿರ್ಬೇಕು ಅಂತ ಕೇಳ್ಬೇಡಿ, ಮನೆಯಿಂದ ಮನೆಗೆ ಬೇರೆ. ಹಾಕಿದ ದಿನ ಎಷ್ಟಿತ್ತು ಅಂತ ಸಾಮಾನ್ಯವಾಗಿ ಪಕ್ಕದಲ್ಲೇ ಗುರುತು ಮಾಡಿರ್ತಾರೆ, ಅದಕ್ಕಿಂತ ತುಂಬ ಜಾಸ್ತಿ ಆದ್ರೂ ಕಡಿಮೆ ಆದ್ರೂ ಕರೆಸಿ ತೋರಿಸಿ.

ಆಮೇಲೆ ಇನ್ನೊಂದು, ಆ ಟ್ಯೂಬ್ ರೇಡಾನನ್ನು ಅಳೆಯುದೇ ಇಲ್ಲ. ಅದು ಹೇಳುದು ಫ್ಯಾನ್ ಎಳೀತಾ ಉಂಟು ಅಂತ ಮಾತ್ರ, ನೆಲದಲ್ಲಿ ಹೊಸ ಬಿರುಕು ಬಿಟ್ಟಿದ್ರೆ ಅದಕ್ಕೆಂತ ಗೊತ್ತು? ಬಣ್ಣ ಇಲ್ಲ, ವಾಸನೆ ಇಲ್ಲ, ಸಿಗರೇಟ್ ಬಿಟ್ರೆ ಅಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಎರಡನೇ ದೊಡ್ಡ ಕಾರಣ ಈ ಗ್ಯಾಸೇ, ಹಾಗಾಗಿ ಟೆಸ್ಟ್ ಕಿಟ್ ಇಡ್ಲೇಬೇಕು. ಸಿಸ್ಟಮ್ ಹಾಕಿ 24 ಗಂಟೆ ಕಳೆದ ಮೇಲೆ, 30 ದಿನದೊಳಗೆ ಒಮ್ಮೆ, ಆಮೇಲೆ 2 ವರ್ಷಕ್ಕೊಮ್ಮೆ ಅಂತ ಅಲ್ಲಿಯ ಸರ್ಕಾರದ ಪರಿಸರ ಸಂಸ್ಥೆ ಇಪಿಎ ಹೇಳ್ತದೆ. ಲೀಟರ್ ಗಾಳಿಗೆ 4 ಪಿಕೋಕ್ಯೂರಿ (ವಿಕಿರಣದ ಅಳತೆ) ಅಥವಾ ಜಾಸ್ತಿ ಬಂದ್ರೆ ಸುಮ್ಮನೆ ಕೂರುವ ಹಾಗಿಲ್ಲ. ಎರಡು ಮೂರು ದಿನದ ಟೆಸ್ಟಾದ್ರೆ 12 ಗಂಟೆ ಮೊದಲೇ ಕಿಟಕಿ ಮುಚ್ಚಿ, ಮುಗಿಯುವವರೆಗೂ ತೆರೀಬೇಡಿ. ಬಂಗುಡೆ ಫ್ರೈ ಮಾಡಿ ವಾಸನೆ ಹೋಗ್ಲಿಕ್ಕೆ ಎಲ್ಲ ಕಿಟಕಿ ತೆರೆದಿಟ್ಟು "ರೀಡಿಂಗ್ ಸೂಪರ್ ಬಂತು" ಅಂದ್ರೆ ಬರದೆ ಎಂತ ಮಾಡ್ತದೆ?

ಇದು ಯಾರೂ ಕೇಳ್ಲಿಲ್ಲ, ಆದ್ರೂ ಹೇಳ್ತೇನೆ, ನಮ್ಮ ಮನೆಗಳಲ್ಲಿ? ಯುರೇನಿಯಂ ಎಲ್ಲ ಮಣ್ಣಲ್ಲೂ ಸ್ವಲ್ಪ ಉಂಟು, ಹಾಗಾಗಿ ರೇಡಾನ್ ಇಲ್ಲಿಯೂ ಹುಟ್ತದೆ. ಆದ್ರೆ ಅಲ್ಲಿ ಚಳಿಗೆ ಮನೆ ಮುಚ್ಚಿ ಹೀಟರ್ ಹಾಕಿದಾಗ ಬಿಸಿ ಗಾಳಿ ಮೇಲೇರಿ, ಮನೆಯೇ ನೆಲದಡಿಯ ಗ್ಯಾಸನ್ನು ಒಳಗೆ ಎಳೀತದೆ. ನಮ್ಮ ಹಂಚಿನ ಮನೆಗೆ ಬೇಸ್‌ಮೆಂಟೇ ಇಲ್ಲ, ಗಾಳಿಯೂ ಎಲ್ಲ ಕಡೆಯಿಂದ ಆಡ್ತದೆ. ಉಳ್ಳಾಲದ ಹೊಯಿಗೆಯಲ್ಲಿ ಮೊನಜೈಟ್ ಅನ್ನುವ ವಿಕಿರಣದ ಖನಿಜ ಉಂಟಲ್ಲ ಅಂತ ಕೆಲವರಿಗೆ ಹೆದರಿಕೆ. ಮೊನಜೈಟಲ್ಲಿ ಮುಖ್ಯವಾಗಿ ಇರುದು ಥೋರಿಯಂ, ಅದರಿಂದ ಬರುದು ಥೋರಾನ್, ರೇಡಾನಿನ ತಮ್ಮ ಇದ್ದ ಹಾಗೆ. ರೇಡಾನ್ ಅರ್ಧ ಆಗ್ಲಿಕ್ಕೆ 3.8 ದಿನ ಬೇಕು, ಥೋರಾನಿಗೆ ಒಂದು ನಿಮಿಷವೂ ಬೇಡ, ಮಣ್ಣಿನ ಆಳದಿಂದ ಮೇಲೆ ಬರುವಷ್ಟರಲ್ಲೇ ಹೆಚ್ಚಿನದ್ದು ಮುಗಿದಿರ್ತದೆ. ಅದರ ಕಥೆ ಇನ್ನೊಮ್ಮೆ. ಮಗಳ ಹತ್ರ ಮೊದಲು ಕೇಳಿ, ಕೊನೇ ಟೆಸ್ಟ್ ಯಾವ ವರ್ಷ ಮಾಡಿದ್ದು ಅಂತ.