ಜೇನ್ನೊಣ ಹೋದರೆ ನಾಲ್ಕೇ ವರ್ಷಕ್ಕೆ ನಾವೂ ಹೋಗ್ತೀವಾ?

ಪ್ರಶ್ನೆ: ಜೇನ್ನೊಣ ಅಳಿದರೆ ಮನುಷ್ಯ ಬದುಕುವುದು ನಾಲ್ಕೇ ವರ್ಷ ಎಂದು ಐನ್‌ಸ್ಟೈನ್ ಹೇಳಿದ್ದರಂತೆ. ನಿಜವಾ?

ಉತ್ತರ: ಅವರು ಹಾಗೆ ಹೇಳಿದ್ದಕ್ಕೆ ಆಧಾರವೇ ಇಲ್ಲ. ಅವರು ತೀರಿಕೊಂಡಿದ್ದು 1955ರಲ್ಲಿ. ಮಾತು ಎಲ್ಲೆಡೆ ಹಬ್ಬಿದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ.

ನಾಲ್ಕು ವರ್ಷದ ಲೆಕ್ಕವೂ ಸರಿಯಿಲ್ಲ. ಭತ್ತ, ಗೋಧಿ, ಮುಸುಕಿನ ಜೋಳಕ್ಕೆ ಜೇನ್ನೊಣದ ಹಂಗಿಲ್ಲ. ಗಾಳಿ ಸಾಕು, ಕೆಲವಕ್ಕೆ ಅದೂ ಬೇಡ. ಹಣ್ಣು, ತರಕಾರಿಯ ಕಥೆ ಬೇರೆ. ಜಗತ್ತಿನ ಮುಖ್ಯ ಆಹಾರ ಬೆಳೆಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಕೀಟ, ಹಕ್ಕಿ, ಬಾವಲಿಗಳ ನೆರವು ಸ್ವಲ್ಪವಾದರೂ ಬೇಕು.

ಬೆಳಗ್ಗೆ ಬೇಗ ಹೋಗಿ ಕುಂಬಳದ ಬಳ್ಳಿ ನೋಡಿ. ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಆಗಲೇ ಗೋಲಿಯಂಥ ಹೀಚು ಕೂತಿರುತ್ತದೆ. ಪರಾಗ ಅಂಟಂಟು, ಗಾಳಿಗೆ ಹಾರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೂ ಮುದುಡುತ್ತದೆ. ಅಷ್ಟರೊಳಗೆ ಯಾರೂ ಪರಾಗ ತಂದು ಮುಟ್ಟಿಸದಿದ್ದರೆ ಹೀಚು ಹಳದಿಯಾಗಿ ಉದುರುತ್ತದೆ. ಕಾಯಿ ಕಚ್ಚುತ್ತಿಲ್ಲ ಎಂದು ಜಾಸ್ತಿ ಗೊಬ್ಬರ ಸುರಿದರೆ ಏನು ಬಂತು?

ನನ್ನ ಚಿಂತೆ ಪೆಟ್ಟಿಗೆಯ ಜೇನಿನದಲ್ಲ. ಅದಕ್ಕೆ ಹೂವಿಲ್ಲದಾಗ ಸಕ್ಕರೆ ನೀರು ಇಡುವವರಿದ್ದಾರೆ. ಚಿಂತೆ ಅದರ ಬಳಗದ್ದು. ಆ ಬಳಗದಲ್ಲಿ 20,000ದಷ್ಟು ಜಾತಿಗಳಿವೆ. ಹೆಚ್ಚಿನವು ಜೇನು ಕೂಡಿಡುವುದೇ ಇಲ್ಲ. ಒಂಟಿಯಾಗಿ ನೆಲದಲ್ಲಿ ಬಿಲ ತೋಡಿ ಮರಿ ಮಾಡುತ್ತವೆ. ಬದನೆ ಹೂವಿನ ಪರಾಗ ಇರುವುದು ತುದಿಗೆ ತೂತಿರುವ ಪುಟ್ಟ ಕೊಳವೆಗಳೊಳಗೆ. ಕಪ್ಪು ದುಂಬಿಯಂಥವು ಹೂವನ್ನು ತಬ್ಬಿ ಗುಂಯ್ ಎಂದು ಮೈ ನಡುಗಿಸಿದರೆ ಪುಡಿ ಉದುರುತ್ತದೆ. ಪೆಟ್ಟಿಗೆಯ ಜೇನಿಗೆ ಈ ವಿದ್ಯೆ ಬಾರದು.

ಹಾಗಾಗಿ ಪೆಟ್ಟಿಗೆ ತಂದಿಟ್ಟರೆ ಮುಗಿಯಲಿಲ್ಲ. ಕೀಟ ಕೊಲ್ಲುವ ಔಷಧಿ ಹೊಡೆಯಲೇಬೇಕಾದರೆ ಹೂ ಬಿಟ್ಟ ಗಿಡಕ್ಕೆ ಬೇಡ. ಹಗಲಲ್ಲಂತೂ ಬೇಡವೇ ಬೇಡ. ಕೆಲವು ಔಷಧಿ ಗಿಡದ ಮೈಯೊಳಗೇ ಹರಿದು ಪರಾಗದವರೆಗೂ ಬರುತ್ತವೆ. ಅವಕ್ಕೆ ಸಂಜೆ ಹೊಡೆಯುವ ಉಪಾಯವೂ ನಡೆಯದು. ಯುರೋಪಿಯನ್ ಒಕ್ಕೂಟ 2018ರಲ್ಲಿ ನಿಯೋನಿಕೋಟಿನಾಯ್ಡ್ ಎಂಬ ಇಂಥದೇ ಗುಂಪಿನ ಮೂರು ಔಷಧಿಗಳನ್ನು ಬಯಲಿನ ಬೆಳೆಗೆ ಬಳಸದಂತೆ ತಡೆದದ್ದು ಜೇನ್ನೊಣಗಳನ್ನು ಉಳಿಸಲಿಕ್ಕೇ.

ಅಂಗಳದ ಒಂದು ಮೂಲೆಯನ್ನು ಅಗೆಯದೆ, ಸಿಮೆಂಟ್ ಹಾಕದೆ ಸುಮ್ನೆ ಬಿಡಿ. ಅಲ್ಲಿ ಪೆನ್ಸಿಲ್ ದಪ್ಪದ ತೂತು ಕಂಡರೆ ಇರುವೆ ಗೂಡೆಂದು ಮುಚ್ಚಬೇಡಿ. ಸ್ವಲ್ಪ ದೂರ ಕೂತು ನೋಡಿ. ಕಾಲಿಗೆಲ್ಲ ಹಳದಿ ಪುಡಿ ಮೆತ್ತಿಕೊಂಡವಳೊಬ್ಬಳು ಬಂದು ಒಳಗೆ ಇಳಿದಾಳು.