ಸುತ್ತು ಮುಗಿದರೆ ಗಾಳಿ ಲೆಕ್ಕ ಚುಕ್ತಾ ಆಗುತ್ತಾ?

ಪ್ರಶ್ನೆ: ನಾಲ್ಕು ನಿಮಿಷದೊಳಗೆ ಮೈಲಿ ಓಡಿದ ದಿನ ರೋಜರ್ ಬ್ಯಾನಿಸ್ಟರ್ ಗಾಳಿ ನೋಡಿ ಹಿಂಜರಿದಿದ್ದರಂತೆ. ಟ್ರ್ಯಾಕ್ ಸುತ್ತಿಕೊಂಡು ಬರುತ್ತದಲ್ಲ, ಒಂದು ಕಡೆ ತಡೆದ ಗಾಳಿ ಇನ್ನೊಂದು ಕಡೆ ತಳ್ಳುತ್ತದೆ. ಸರಿಸಮ ಆಗಲ್ವಾ?

ಉತ್ತರ: ಆಗುವುದಿಲ್ಲ. ಎಷ್ಟು ಸಲ ಬರೆದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಎಲ್ಲರೂ ಮರೆಯುವುದು ಇದನ್ನೇ. ಓಟಗಾರನ ವೇಗ ಸೆಕೆಂಡಿಗೆ 7 ಮೀಟರ್ ಅಂತಿಟ್ಟುಕೊಳ್ಳಿ. ಗಾಳಿ ಇಲ್ಲದಿದ್ದರೆ ತಡೆ 7×7, ಅಂದರೆ 49. ಈಗ ಸೆಕೆಂಡಿಗೆ 2 ಮೀಟರ್ ಗಾಳಿ ಬರಲಿ. ಎದುರಿಗೆ ಬಂದರೆ 9×9, ಅಂದರೆ 81. ಬೆನ್ನಿಗೆ ಬಂದರೆ 5×5, ಅಂದರೆ 25. ಎದುರಲ್ಲಿ 32 ಕಳೆದುಕೊಂಡಿರಿ, ಬೆನ್ನಲ್ಲಿ ಸಿಕ್ಕಿದ್ದು 24. ಎಲ್ಲಿ ಸಮ ಆಯಿತು? ಗಾಳಿಯೂ 7 ಮೀಟರ್ ಇದ್ದರೆ ಒಂದು ಕಡೆ 196, ಇನ್ನೊಂದು ಕಡೆ ಸೊನ್ನೆ. ಸರಾಸರಿ 98, ಗಾಳಿ ಇಲ್ಲದ ದಿನದ ಎರಡರಷ್ಟು. ಸಾಲದ್ದಕ್ಕೆ, ಎದುರುಗಾಳಿಯಲ್ಲಿ ವೇಗ ತಗ್ಗುತ್ತದೆ, ಅಲ್ಲಿ ಕಳೆಯುವ ಹೊತ್ತೂ ಜಾಸ್ತಿ. ಗಾಳಿಯ ದಿನ ಪಕ್ಕದೂರಿಗೆ ಸೈಕಲ್ ತುಳಿದು ವಾಪಸ್ ಬಂದವರಿಗೆ ಇದು ಕಾಲಿಗೇ ಗೊತ್ತು.

"ಮತ್ತೆ 400 ಮೀಟರ್‌ಗೆ ಗಾಳಿಮಾಪಕ ಯಾಕಿಲ್ಲ?" ಅಂತ ವಾದಿಸುತ್ತಾರೆ. ಮಾಪಕ ಇಡುವುದು ಪುಕ್ಕಟೆ ಲಾಭ ಹಿಡಿಯಲಿಕ್ಕೆ. 100 ಮೀಟರ್, ಉದ್ದ ಜಿಗಿತಗಳಲ್ಲಿ ಬೆನ್ನಗಾಳಿ ಸೆಕೆಂಡಿಗೆ 2 ಮೀಟರ್ ದಾಟಿದರೆ ದಾಖಲೆ ಇಲ್ಲ. 1936ರ ಬರ್ಲಿನ್‌ನಲ್ಲಿ ಜೆಸ್ಸಿ ಓವೆನ್ಸ್ ಎರಡನೇ ಸುತ್ತಿನಲ್ಲಿ ಓಡಿದ 10.2 ಸೆಕೆಂಡ್ ಹಾಗೆಯೇ ದಾಖಲೆಗೆ ಸೇರಲಿಲ್ಲ. ಪೂರ್ತಿ ಸುತ್ತಿನಲ್ಲಿ, ಒಂದೇ ಸಮ ಬೀಸುವ ಗಾಳಿಯಿಂದ ಲಾಭವೇ ಇಲ್ಲ. ನಷ್ಟ ಅಳೆಯಲು ಮಾಪಕ ಯಾಕೆ?

ಈಗ ಬ್ಯಾನಿಸ್ಟರ್ ಕಷ್ಟ ನೋಡಿ. ಅವರು ವೈದ್ಯಕೀಯ ವಿದ್ಯಾರ್ಥಿ. ಅಂದು ಬೆಳಿಗ್ಗೆ ಲಂಡನ್‌ನ ಆಸ್ಪತ್ರೆಯಲ್ಲಿ ಕೆಲಸ ಮಾಡಿ, ರೈಲು ಹತ್ತಿ ಆಕ್ಸ್‌ಫರ್ಡ್‌ಗೆ ಬಂದವರು. ಹವ್ಯಾಸಿಗಳಿಗೆ ಒಳ್ಳೆ ಹವೆ ಬರುವ ತನಕ ಕಾಯುವ ಅನುಕೂಲ ಎಲ್ಲಿಂದ ಬರಬೇಕು? ವಿಶ್ವವಿದ್ಯಾಲಯದ ವಿರುದ್ಧದ ಪಂದ್ಯ 1954ರ ಮೇ 6ಕ್ಕೆ ಅಂತ ಗೊತ್ತಾಗಿತ್ತು, ಅಂದೇ ಓಡಬೇಕು. ಹತ್ತಿರದ ಚರ್ಚ್ ಗೋಪುರದ ಬಾವುಟ ಪಟಪಟ ಹೊಡೆದುಕೊಳ್ಳುತ್ತಿತ್ತು. ಓಟಕ್ಕೆ ಸ್ವಲ್ಪ ಮುಂಚೆ ಅದು ಜೋಲಿತು, ಆಮೇಲೆಯೇ ಅವರು ಮನಸ್ಸು ಮಾಡಿದ್ದು. ಬಂದ ಸಮಯ 3 ನಿಮಿಷ 59.4 ಸೆಕೆಂಡ್. ಉಳಿದಿದ್ದು ಬರೀ 0.6 ಸೆಕೆಂಡ್. ಬಾವುಟ ನೋಡಿದ್ದು ಪುಕ್ಕಲುತನ ಅಲ್ಲ, ಲೆಕ್ಕಾಚಾರ.

ಯಾರೂ ಕೇಳದಿದ್ದರೂ ಇನ್ನೊಂದು ಹೇಳಬೇಕು. ಅಂದು ಬ್ಯಾನಿಸ್ಟರ್‌ಗಿಂತ ಮುಂದೆ ಓಡಿದ ಬ್ರಾಷರ್, ಚಾಟವೇ ಎಂಬ ಜೊತೆ ಓಟಗಾರರು ಬರೀ ವೇಗ ಕಾಯ್ದುಕೊಟ್ಟವರು ಅಂತ ಬಹಳ ಜನ ತಿಳಿದಿದ್ದಾರೆ. ಅವರು ಗಾಳಿಗೂ ಅಡ್ಡವಾಗಿದ್ದರು. 1953ರ ಎವರೆಸ್ಟ್ ತಂಡದಲ್ಲಿದ್ದ ಶರೀರಶಾಸ್ತ್ರಜ್ಞ ಗ್ರಿಫಿತ್ ಪ್ಯೂ ಮುಂದೆ ಇದನ್ನು ಅಳೆದೇ ನೋಡಿದರು. ಒಬ್ಬರ ಹಿಂದೆ ಸುಮಾರು ಒಂದು ಮೀಟರ್ ಅಂತರದಲ್ಲಿ ಓಡಿದರೆ, ಗಾಳಿ ಸೀಳಲು ಬೇಕಾದ ಶ್ರಮದಲ್ಲಿ ಶೇ. 80ರಷ್ಟು ಉಳಿತಾಯವಾಗುತ್ತದೆ ಎಂದು 1971ರಲ್ಲಿ ಪ್ರಕಟಿಸಿದರು. ಬ್ರಾಷರ್ ಮೊದಲೆರಡು ಸುತ್ತು, ಆಮೇಲೆ ಚಾಟವೇ. ಬ್ಯಾನಿಸ್ಟರ್ ಒಬ್ಬರೇ ಗಾಳಿಗೆ ಎದೆ ಕೊಟ್ಟಿದ್ದು ಕೊನೆಯ ಅರ್ಧ ಸುತ್ತಿನಷ್ಟು ಮಾತ್ರ.